ಲಿಂಗಪೂಜೆಗೆ ಮರಳುವುದಕ್ಕೂ ಸಕ್ಕರೆ ಕಾಯಿಲೆಗೂ ಮಾಂಸ ಬಿಡುತ್ತಿದ್ದೇನೆ: ಪ್ರೋಟೀನ್, ಬಿ12, ಮೊಟ್ಟೆ ಮತ್ತು ಮನೆಯವರ ಊಟದ ಬಗ್ಗೆ ತಿಳಿದವರು ಹೇಳಿ

ಬೆಣ್ಣಿಹಳ್ಳ (ಪ್ರಶ್ನೆ)

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಗದಗ ಜಿಲ್ಲೆಯ ಲಿಂಗಾಯತ ಮನೆತನದವನು, ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೇನೆ, ವಯಸ್ಸು ನಲವತ್ತೇಳು. ಚಿಕ್ಕಂದಿನಲ್ಲಿಯೇ ಲಿಂಗದೀಕ್ಷೆಯಾಗಿತ್ತು. ಕಾಲೇಜಿಗೆಂದು ಹಾಸ್ಟೆಲ್ ಸೇರಿದ ಮೇಲೆ ಮಾಂಸದೂಟ ರೂಢಿಯಾಯಿತು. ನೌಕರಿಯ ನಿಮಿತ್ತ ಕೆಲವು ವರ್ಷ ಹೊರದೇಶದಲ್ಲಿದ್ದಾಗ ಅದೇ ನಿತ್ಯದ ಊಟವಾಯಿತು, ಲಿಂಗಪೂಜೆಯೂ ನಿಂತುಹೋಯಿತು. ನನ್ನ ಪತ್ನಿ ಕರಾವಳಿಯವರು, ಮೀನು ಅವರ ಮನೆಯ ಊಟದ ಮುಖ್ಯ ಭಾಗ. ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳೂ ಮೀನು, ಮೊಟ್ಟೆ ತಿನ್ನುತ್ತಾಳೆ.

ಇತ್ತೀಚೆಗೆ ಮಾಡಿಸಿದ ತಪಾಸಣೆಯಲ್ಲಿ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ) 7.6 ಬಂದಿದೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 158 ಇದೆ. ವೈದ್ಯರು ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಆರಂಭಿಸಿದ್ದಾರೆ ಮತ್ತು ಆಹಾರವನ್ನು ಬದಲಿಸಿಕೊಳ್ಳಲು ಹೇಳಿದ್ದಾರೆ. ತೂಕ 74 ಕಿಲೋ. ಇದೇ ಹೊತ್ತಿಗೆ ಲಿಂಗಪೂಜೆಯನ್ನು ಮತ್ತೆ ಆರಂಭಿಸಬೇಕೆಂಬ ಆಸೆ ಮನಸ್ಸಿನಲ್ಲಿ ಬಲವಾಗಿದೆ. ಕಾಯಿಲೆಯ ಹೆದರಿಕೆಯಿಂದ ಹುಟ್ಟಿದ ಆಸೆ ಇದಲ್ಲ. ಅದಕ್ಕೂ ಮೊದಲೇ, ನಮ್ಮ ತಂದೆಯವರು ಲಿಂಗೈಕ್ಯರಾದ ದಿನಗಳಿಂದ ಅದು ನನ್ನೊಳಗೆ ಇತ್ತು. ಈಗ ದೇಹದ ಅಗತ್ಯವೂ ಮನಸ್ಸಿನ ಅಗತ್ಯವೂ ಒಂದೇ ದಾರಿಯನ್ನು ತೋರಿಸುತ್ತಿರುವುದರಿಂದ ಮಾಂಸ, ಮೀನು ಬಿಡಲು ನಿರ್ಧರಿಸಿದ್ದೇನೆ. ಹಾಲು, ಮೊಸರು, ಮಜ್ಜಿಗೆ ಇರುತ್ತವೆ. ಉಳಿದದ್ದೆಲ್ಲ ಕಾಳು, ಧಾನ್ಯ, ಸೊಪ್ಪು, ತರಕಾರಿ.

ನನ್ನ ಸಂದೇಹಗಳು ಇವು. ಮಾಂಸ ಬಿಟ್ಟರೆ ಪ್ರೋಟೀನ್ ಸಾಕಾಗುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ, ಪುಡಿಯ ಡಬ್ಬಿಗಳನ್ನು ಕೊಳ್ಳಬೇಕಾಗುತ್ತದೆಯೇ? ಹೃದಯಕ್ಕೆ ಮೀನು ಒಳ್ಳೆಯದೆಂದು ವೈದ್ಯರೇ ಹೇಳಿದ್ದರು, ಅದನ್ನು ಬಿಟ್ಟರೆ ಅದರ ಜಾಗಕ್ಕೆ ಏನು ಬರಬೇಕು? ಮೊಟ್ಟೆಯನ್ನು ಔಷಧಿಯೆಂದು ಇಟ್ಟುಕೊಳ್ಳಬಹುದೇ, ಅದು ಆಚರಣೆಗೆ ವಿರುದ್ಧವೇ? ಕೊನೆಯದಾಗಿ, ಪತ್ನಿ ಮತ್ತು ಮಗಳ ಊಟದ ಮೇಲೆ ನನ್ನ ನಿರ್ಧಾರವನ್ನು ಹೇರುವ ಮನಸ್ಸು ನನಗಿಲ್ಲ. ಆದರೆ ಒಂದೇ ಅಡುಗೆಮನೆಯಲ್ಲಿ ಇದನ್ನು ನಡೆಸುವುದು ಹೇಗೆ ಎಂಬುದು ತಿಳಿಯುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಪಥ್ಯ

ನಮಸ್ಕಾರ ಅಣ್ಣಾವರೇ. ನಾನೂ ಹುಬ್ಬಳ್ಳಿ ಕಡೆಯವಳು, ಆಸ್ಪತ್ರೆಯೊಂದರಲ್ಲಿ ಆಹಾರತಜ್ಞೆಯಾಗಿದ್ದೇನೆ. ಧರ್ಮದ ಪ್ರಶ್ನೆಗೆ ಉತ್ತರಿಸುವ ಅಧಿಕಾರ ನನಗಿಲ್ಲ, ಊಟದ ಮಟ್ಟಿಗೆ ಹೇಳುತ್ತೇನೆ. ನಿಮ್ಮ ವೈದ್ಯರ ಸಲಹೆಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ, ಅವರೊಡನೆ ಮಾತನಾಡುವಾಗ ಕೇಳಬೇಕಾದದ್ದೇನು ಎಂಬುದಕ್ಕೆ ಬಳಸಿಕೊಳ್ಳಿ.

ಮೊದಲನೆಯ ಮಾತು: ಮಾಂಸ ಬಿಟ್ಟ ಮಾತ್ರಕ್ಕೆ ಸಕ್ಕರೆ ಇಳಿಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನ ಮಧುಮೇಹಿಗಳಿದ್ದಾರೆ. ಅವರಲ್ಲಿ ಹುಟ್ಟಿನಿಂದ ಮಾಂಸವನ್ನೇ ಮುಟ್ಟದವರೂ ಇದ್ದಾರೆ, ನನ್ನ ಬಳಿ ಬರುವವರಲ್ಲಿ ಅಂಥವರನ್ನು ನಾನು ನಿತ್ಯವೂ ನೋಡುತ್ತೇನೆ. ಅವರ ತಾಟಿನಲ್ಲಿ ಅನ್ನದ ರಾಶಿ, ನೀರಾದ ಸಾರು, ಒಂದು ಚಮಚ ಪಲ್ಯ, ಹಪ್ಪಳ, ಉಪ್ಪಿನಕಾಯಿ ಇರುತ್ತವೆ. ಮಾಂಸ ಬಿಟ್ಟವರು ಹೆಚ್ಚಾಗಿ ಎಡವುವುದು ಇಲ್ಲಿಯೇ: ತೆರವಾದ ಜಾಗವನ್ನು ಅನ್ನ, ಬಟಾಟಿ, ಬ್ರೆಡ್ಡು, ಪನೀರಿನ ಗ್ರೇವಿ ತುಂಬಿಬಿಡುತ್ತವೆ. ಆದ್ದರಿಂದ ನೀವು ಏನನ್ನು ಬಿಡುತ್ತೀರಿ ಎನ್ನುವುದಕ್ಕಿಂತ ಆ ಜಾಗಕ್ಕೆ ಏನನ್ನು ತರುತ್ತೀರಿ ಎನ್ನುವುದರ ಮೇಲೆ ನಿಮ್ಮ ಮುಂದಿನ ವರದಿ ನಿಂತಿದೆ.

ಪ್ರೋಟೀನ್ ಲೆಕ್ಕವನ್ನು ಒಮ್ಮೆ ಮಾಡಿಯೇ ಬಿಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕು, ಅಂದರೆ ನಿಮಗೆ ಸುಮಾರು 61 ಗ್ರಾಂ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೋಕ್ಯಾಲರಿಯ ಒಂದು ದಿನದ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಕಾಳು-ಬೇಳೆ, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 35 ಗ್ರಾಂ ಎಣ್ಣೆಬೀಜ ಮತ್ತು ಒಣಹಣ್ಣಿನ ಬೀಜಗಳು, 300 ಮಿಲಿ ಹಾಲು ಅಥವಾ ಮೊಸರು, 27 ಗ್ರಾಂ ಎಣ್ಣೆ ಎಂದಿದೆ. ನಿಮ್ಮ ಸಕ್ಕರೆ ಏರಿರುವುದರಿಂದ ನಾನಾದರೆ ಧಾನ್ಯವನ್ನು 200 ಗ್ರಾಂಗೆ ಇಳಿಸಿ ಕಾಳನ್ನು 110 ಗ್ರಾಂಗೆ ಏರಿಸುತ್ತೇನೆ. ಧಾನ್ಯದಲ್ಲಿ ಜೋಳವೇ ಹೆಚ್ಚಿದ್ದರೆ ಅದರಿಂದ ಸುಮಾರು 20 ಗ್ರಾಂ ಪ್ರೋಟೀನ್, ಕಾಳಿನಿಂದ 24 ಗ್ರಾಂ, ಶೇಂಗಾ, ಗುರೆಳ್ಳು, ಅಗಸಿಯಿಂದ ಏಳೆಂಟು ಗ್ರಾಂ, ಮೊಸರಿನಿಂದ ಒಂಬತ್ತು-ಹತ್ತು ಗ್ರಾಂ. ಸೊಪ್ಪು ತರಕಾರಿಯಲ್ಲಿರುವುದನ್ನು ಸೇರಿಸದೆಯೇ 61 ತುಂಬಿತು. ಡಬ್ಬಿಯ ಪುಡಿ ಬೇಕಿಲ್ಲ. ಎರಡು ಹಿಡಿ ಹಸಿ ಕಾಳು ದಿನವೂ ನೆನೆಯಬೇಕು, ಅಷ್ಟೇ. ನಿಜವಾಗಿ ಜನ ತಪ್ಪಿಸುವುದು ಅದನ್ನೇ.

ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಲ್ಲಿ ಸಿಗುತ್ತದೆ. ನಮ್ಮ ಕಡೆಯ ರೊಟ್ಟಿ ಮತ್ತು ಮಡಿಕೆಕಾಳಿನ ಉಸುಳಿ, ರೊಟ್ಟಿ ಮತ್ತು ಝುಣಕ, ಬ್ಯಾಳಿ ಹಾಕಿದ ಪುಂಡಿಪಲ್ಯ, ಇವೆಲ್ಲ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳೇ. ಒಂದೇ ಹೊತ್ತಿಗೆ ಎರಡೂ ಇರಬೇಕೆಂಬ ನಿಯಮವಿಲ್ಲ, ದಿನದಲ್ಲಿ ಬಂದರೆ ಸಾಕು. ಜೋಳದಲ್ಲಿ ಅಕ್ಕಿಗಿಂತ ನಾರು ಮೂರು ಪಟ್ಟಿಗೂ ಹೆಚ್ಚು, ಆದರೆ ಜೋಳವೂ ಪಿಷ್ಟವೇ ಎಂಬುದನ್ನು ಮರೆಯಬೇಡಿ. ರೊಟ್ಟಿ ಎಂದ ಕೂಡಲೇ ಎಣಿಕೆ ಬಿಡುವವರು ನಮ್ಮ ಕಡೆ ಬಹಳ. ಊಟಕ್ಕೆ ಎರಡು ರೊಟ್ಟಿ, ಅದರ ಪಕ್ಕದಲ್ಲಿ ಅದಕ್ಕಿಂತ ಹೆಚ್ಚು ಪಲ್ಯ, ಜತೆಗೆ ಹಸಿಯಾಗಿಯೇ ತಿನ್ನುವ ಮೆಂತ್ಯೆಸೊಪ್ಪು, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಸವತೆ. ಕಾಳನ್ನು ಮೊಳಕೆ ಬರಿಸಿ ಬೇಯಿಸಿದರೆ ಮತ್ತು ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಹೀರಿಕೆ ಕುಗ್ಗುತ್ತದೆ, ಒಂದು ತಾಸು ತಡೆಯಿರಿ.

ಮೀನಿನ ವಿಷಯದಲ್ಲಿ ನಿಮ್ಮ ವೈದ್ಯರ ಮಾತು ಸರಿಯಾಗಿದೆ. ಮೀನಿನ ಎಣ್ಣೆಯಲ್ಲಿರುವ ಒಮೆಗಾ-3 ಕೊಬ್ಬು ಸಸ್ಯಗಳಲ್ಲಿ ಅದೇ ರೂಪದಲ್ಲಿ ಸಿಗುವುದಿಲ್ಲ. ಅಗಸಿಯಲ್ಲಿ ಅದರ ಮೂಲರೂಪ ಹೇರಳವಾಗಿದೆ, ಆದರೆ ನಮ್ಮ ದೇಹ ಅದರಲ್ಲಿ ಸ್ವಲ್ಪ ಪಾಲನ್ನು ಮಾತ್ರ ಮೀನಿನ ರೂಪಕ್ಕೆ ಪರಿವರ್ತಿಸುತ್ತದೆ. ಹಾಗಾಗಿ ಅಗಸಿ ಹಿಂಡಿ (ಚಟ್ನಿಪುಡಿ) ದಿನಕ್ಕೆ ಒಂದು ದೊಡ್ಡ ಚಮಚದಷ್ಟು ಇರಲಿ. ಇಡೀ ಕಾಳು ಅರಗದೆ ಹಾಗೆಯೇ ಹೊರಹೋಗುತ್ತದೆ, ಹುರಿದು ಕುಟ್ಟಿದ ಹಿಂಡಿಯೇ ಸರಿಯಾದ ಕ್ರಮ. ಉಪ್ಪನ್ನು ಮಾತ್ರ ಕಡಿಮೆ ಹಾಕಿ. ಮೀನು ಅದನ್ನು ಪಡೆಯುವುದು ಸಮುದ್ರದ ಪಾಚಿಯಿಂದ, ಆ ಪಾಚಿಯಿಂದಲೇ ನೇರವಾಗಿ ತಯಾರಿಸಿದ ಎಣ್ಣೆಯ ಮಾತ್ರೆಗಳೂ ದೊರೆಯುತ್ತವೆ. ಬೇಕೋ ಬೇಡವೋ ಎಂದು ವೈದ್ಯರನ್ನು ಕೇಳಿ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯ, ಬಿ12 ಜೀವಸತ್ವ. ಸಸ್ಯಾಹಾರದಲ್ಲಿ ನಂಬಬಹುದಾದ ಬಿ12 ಇಲ್ಲ, ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ನೀವು ತೆಗೆದುಕೊಳ್ಳುತ್ತಿರುವ ಮೆಟ್‌ಫಾರ್ಮಿನ್ ವರ್ಷಗಳು ಕಳೆದಂತೆ ಬಿ12 ಹೀರಿಕೆಯನ್ನು ಕುಗ್ಗಿಸುತ್ತದೆ. ಮಾಂಸ ಬಿಡುವುದು ಮತ್ತು ಮೆಟ್‌ಫಾರ್ಮಿನ್ ಹಿಡಿಯುವುದು ಎರಡೂ ಒಟ್ಟಿಗೆ ಆಗುತ್ತಿರುವುದರಿಂದ ನಿಮಗೆ ಈ ಕೊರತೆಯ ಸಂಭವ ಇಬ್ಬಗೆಯಲ್ಲಿದೆ. ಬಿ12 ಕಡಿಮೆಯಾದಾಗ ಕಾಲು ಜೋಮು ಹಿಡಿಯುವುದು, ಪಾದ ಉರಿಯುವುದು ಕಾಣಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆಯಿಂದ ನರಗಳಿಗಾಗುವ ತೊಂದರೆಯ ಲಕ್ಷಣಗಳೂ ಇವೇ ಆಗಿರುವುದರಿಂದ ಎಷ್ಟೋ ಸಲ ನಿಜವಾದ ಕಾರಣ ಗಮನಕ್ಕೇ ಬರುವುದಿಲ್ಲ. ಈಗಲೇ ರಕ್ತದಲ್ಲಿ ಬಿ12 ಮಟ್ಟ ನೋಡಿಸಿ, ವೈದ್ಯರು ಹೇಳಿದ ಮಾತ್ರೆಯನ್ನು ತಪ್ಪಿಸಬೇಡಿ. ಈ ಬಿ12 ಅನ್ನು ಪ್ರಾಣಿಗಳಿಂದ ತೆಗೆಯುವುದಿಲ್ಲ, ಸೂಕ್ಷ್ಮಜೀವಿಗಳನ್ನು ಬೆಳೆಸಿ ತಯಾರಿಸುತ್ತಾರೆ. ಆ ಅನುಮಾನದಿಂದ ಮಾತ್ರೆ ಬಿಟ್ಟವರನ್ನು ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊಟ್ಟೆಯ ಬಗ್ಗೆ ಆರೋಗ್ಯದ ಕಡೆಯಿಂದ ಹೇಳಬೇಕಾದರೆ, ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ. ಒಂದು ಹಿಡಿ ಶೇಂಗಾದಲ್ಲಿಯೂ ಹೆಚ್ಚುಕಡಿಮೆ ಅಷ್ಟಿದೆ. ಮಿತವಾಗಿದ್ದರೆ ಮೊಟ್ಟೆ ನಿಮಗೆ ಹಾನಿಯೂ ಅಲ್ಲ, ಅನಿವಾರ್ಯವೂ ಅಲ್ಲ.

ಡೋಣಿ ದಂಡೆ

ತಮ್ಮಾ, ಶರಣಾರ್ಥಿ. ನಾನು ವಿಜಯಪುರ ಜಿಲ್ಲೆಯವನು, ನಿವೃತ್ತ ಶಿಕ್ಷಕ. ಊಟದ ಲೆಕ್ಕವನ್ನು ಅಕ್ಕಾವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆಚರಣೆಯ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ.

ಲಿಂಗಪೂಜೆಯನ್ನು ಮತ್ತೆ ಹಿಡಿಯುವುದಕ್ಕೆ ದೊಡ್ಡ ಪ್ರಾಯಶ್ಚಿತ್ತ, ಖರ್ಚು, ಸಮಾರಂಭ ಯಾವುದೂ ಬೇಕಿಲ್ಲ. ದೀಕ್ಷೆ ಕೊಟ್ಟ ಗುರುಗಳ ಮಠಕ್ಕೆ ಒಮ್ಮೆ ಹೋಗಿ ಬನ್ನಿ. ಅವರು ಲಿಂಗೈಕ್ಯರಾಗಿದ್ದರೆ ಈಗಿನ ಸ್ವಾಮಿಗಳೊಡನೆ ಮಾತನಾಡಿ. ಲಿಂಗ ಕಳೆದಿದ್ದರೆ ಅಥವಾ ಕಂಥೆ (ಲಿಂಗದ ಮೇಲಿನ ಕಪ್ಪು ಲೇಪ) ಸವೆದಿದ್ದರೆ ಅವರೇ ಏರ್ಪಾಟು ಮಾಡುತ್ತಾರೆ. ಮೊಟ್ಟೆಯ ಪ್ರಶ್ನೆಯನ್ನೂ ಅವರ ಮುಂದೆಯೇ ಇಡಿ. ನಮ್ಮ ಮನೆತನಗಳ ರೂಢಿಯಲ್ಲಿ ಮೊಟ್ಟೆಯೂ ಮಾಂಸದ ಪಂಕ್ತಿಗೇ ಸೇರುತ್ತದೆ, ಲಿಂಗಕ್ಕೆ ಅರ್ಪಿಸಲಾಗದ್ದನ್ನು ಲಿಂಗವಂತ ಉಣ್ಣುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ. ಅದಿಲ್ಲದೆಯೂ ದೇಹ ನಡೆಯುತ್ತದೆಂದು ಅಕ್ಕಾವರು ಹೇಳಿರುವುದರಿಂದ ಔಷಧಿಯೆಂಬ ನೆಪವೂ ಉಳಿಯುವುದಿಲ್ಲ ಎಂದು ನನ್ನ ಅಭಿಪ್ರಾಯ.

ಪ್ರಸಾದದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನ್ನಿಸುತ್ತದೆ, ಏಕೆಂದರೆ ನಿಮ್ಮ ಕಾಯಿಲೆಗೂ ಅದಕ್ಕೂ ಹತ್ತಿರದ ಸಂಬಂಧವಿದೆ. ಲಿಂಗವಂತನನ್ನು ಕಾಯುವ ಎಂಟು ರಕ್ಷೆಗಳಾದ ಅಷ್ಟಾವರಣಗಳಲ್ಲಿ ಗುರು, ಲಿಂಗ, ಜಂಗಮಗಳ ಜತೆ ಪ್ರಸಾದಕ್ಕೂ ಸ್ಥಾನವಿದೆ. ಅರ್ಪಿಸಿದ ಆಹಾರ ಪ್ರಸಾದವಾಗುತ್ತದೆ, ಪ್ರಸಾದವನ್ನು ಚೆಲ್ಲುವಂತಿಲ್ಲ. ನಮ್ಮ ಹಿರಿಯರು ತಾಟಿನಲ್ಲಿ ಒಂದು ಅಗುಳೂ ಬಿಡದೆ ಉಂಡು, ತಾಟಿಗೆ ನೀರು ಹಾಕಿ ತೊಳೆದು ಅದನ್ನೂ ಕುಡಿಯುತ್ತಿದ್ದರು. ಚೆಲ್ಲುವಂತಿಲ್ಲ ಎಂದ ಮೇಲೆ ನೀಡಿಸಿಕೊಳ್ಳುವಾಗಲೇ ಎಚ್ಚರ ಬರುತ್ತದೆ. ಹಸಿವೆಷ್ಟು, ಬೇಕಾದದ್ದೆಷ್ಟು ಎಂದು ಮೊದಲೇ ಅಂದಾಜು ಮಾಡಿಕೊಂಡು ಕೂಡುವುದು ಒಂದು ಸಾಧನೆ. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಸಾವಿರಾರು ಮಕ್ಕಳಿಗೆ ನಿತ್ಯ ದಾಸೋಹ ನಡೆಸಿದ ಅವರ ಸ್ವಂತ ಊಟ ಎಷ್ಟು ಮಿತವಾಗಿತ್ತೆಂಬುದನ್ನು ಮಠಕ್ಕೆ ಹೋಗಿಬಂದವರೆಲ್ಲ ಬಲ್ಲರು. ದೀರ್ಘಾಯುಷ್ಯಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಉಣಿಸುವುದರಲ್ಲಿ ಧಾರಾಳ, ಉಣ್ಣುವುದರಲ್ಲಿ ಮಿತಿ ಎಂಬ ಆ ನಡೆ ನಮ್ಮ ಕಣ್ಣಮುಂದೆಯೇ ಇತ್ತು.

ಪತ್ನಿ ಮತ್ತು ಮಗಳ ವಿಷಯದಲ್ಲಿ ನಿಮ್ಮ ಮನಸ್ಸು ಸರಿಯಾದ ಕಡೆಗಿದೆ. ಕೊಲಬೇಡ ಎಂದ ಬಸವಣ್ಣನವರು ಅದೇ ವಚನದಲ್ಲಿ ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ ಎಂದೂ ಹೇಳಿದ್ದಾರೆ. ಮೊದಲನೆಯದನ್ನು ಹಿಡಿದು ಉಳಿದ ಮೂರನ್ನು ಕೈಬಿಟ್ಟವರು ನಮ್ಮಲ್ಲಿ ಬಹಳ ಜನರಿದ್ದಾರೆ. ತಾನು ಮಾಂಸ ತಿನ್ನುವುದಿಲ್ಲವೆಂಬುದನ್ನೇ ಜಾತಿಯ ಮೇಲ್ಮೆಯೆಂದು ಮೆರೆಸಿ ತಿನ್ನುವವರನ್ನು ಕೀಳಾಗಿ ನೋಡುವುದನ್ನು ಶರಣರ ಹೆಸರಿನಲ್ಲಿ ಮಾಡುವುದು ನನಗೆ ಬಹಳ ನೋವು ಕೊಡುತ್ತದೆ. ಅನುಭವ ಮಂಟಪದ ನೆರವಿಯಲ್ಲಿ ಸಮಗಾರ ಹರಳಯ್ಯ, ಮಾದಾರ ಧೂಳಯ್ಯ, ಅಂಬಿಗರ ಚೌಡಯ್ಯ ಎಲ್ಲರೂ ಇದ್ದರು. ನಿಮ್ಮ ಪತ್ನಿಯ ಮನೆಯ ಮೀನಿನ ಊಟವನ್ನು ಕುರಿತು ನಿಮ್ಮ ಬಾಯಿಂದ ಒಂದು ಹಗುರ ಮಾತೂ ಬಾರದಿರಲಿ. ಪೂಜೆಗೆ ಮನೆಯಲ್ಲಿ ಒಂದು ಮೂಲೆ, ನಿಮ್ಮ ಅಡುಗೆಗೆ ಎರಡು-ಮೂರು ಪಾತ್ರೆ ಬೇರೆ ಇಟ್ಟುಕೊಂಡರೆ ಸಾಕು.

ನಾಲೆ ಬಯಲು

ಅಣ್ಣ, ನಾನು ಮಂಡ್ಯ ಜಿಲ್ಲೆಯವಳು, ಒಕ್ಕಲಿಗರ ಮನೆಯವಳು. ನಮ್ಮಲ್ಲಿ ಬಾಡೂಟವೂ ಉಂಟು, ಬಿಡುವ ದಿನಗಳೂ ಉಂಟು. ಸೋಮವಾರ, ಶನಿವಾರ ಮಾಂಸವಿಲ್ಲ, ಶ್ರಾವಣ ಪೂರ್ತಿ ಇಲ್ಲ, ಕಾರ್ತಿಕದ ಸೋಮವಾರಗಳಲ್ಲಿ ಒಪ್ಪೊತ್ತು. ನಮ್ಮ ಮನೆಯವರಿಗೆ ಹೃದಯದ ತೊಂದರೆ ಬಂದಾಗ ನಾವು ಹೊಸದಾಗಿ ಏನನ್ನೂ ಕಲಿಯಲಿಲ್ಲ, ಶ್ರಾವಣದ ಅಡುಗೆಯನ್ನೇ ವರ್ಷಪೂರ್ತಿ ಹಬ್ಬಿಸಿಕೊಂಡೆವು. ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿಕಾಳಿನ ಸಾರು, ಅವರೆಕಾಲದಲ್ಲಿ ಅವರೆಕಾಳು, ಜತೆಗೆ ಚಿಕ್ಕ ರಾಗಿಮುದ್ದೆ. ಹಬ್ಬಕ್ಕೆ, ಊರ ಜಾತ್ರೆಗೆ ಮಾತ್ರ ಅವರು ಸ್ವಲ್ಪ ಮಾಂಸ ತಿನ್ನುತ್ತಾರೆ. ವೈದ್ಯರೂ ಒಪ್ಪಿದ್ದಾರೆ.

ಹಿರಿಯರ ಮಾತಿಗೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಇನ್ನು ಮುಂದೆ ಎಂದೆಂದಿಗೂ ಇಲ್ಲ ಎಂದು ಒಂದೇ ದಿನ ಸಂಕಲ್ಪ ಮಾಡಿದವರಲ್ಲಿ ಕೆಲವರು ಯಾವುದೋ ಮದುವೆಮನೆಯಲ್ಲಿ ಒಮ್ಮೆ ತಪ್ಪಿದ ಕೂಡಲೇ ಎಲ್ಲವೂ ಹೋಯಿತೆಂದು ಪಥ್ಯವನ್ನೂ ಪೂಜೆಯನ್ನೂ ಒಟ್ಟಿಗೆ ಬಿಟ್ಟದ್ದನ್ನು ನೋಡಿದ್ದೇನೆ. ವಾರದ ದಿನಗಳಿಂದ ಆರಂಭಿಸಿ, ಶ್ರಾವಣವನ್ನು ದಾಟಿ, ನಂತರ ಪೂರ್ತಿಗೆ ಹೋದರೆ ದೇಹವೂ ಹೊಂದಿಕೊಳ್ಳುತ್ತದೆ. ಕಾಳು ಸೊಪ್ಪು ಒಮ್ಮೆಲೇ ಹೆಚ್ಚಾದರೆ ಹೊಟ್ಟೆಯುಬ್ಬರವೂ ಬರುತ್ತದೆ.

ಇನ್ನೊಂದು ಮಾತನ್ನು ಹೆಂಗಸಾಗಿ ಹೇಳಲೇಬೇಕು. ಸಂಕಲ್ಪ ನಿಮ್ಮದು, ಆದರೆ ಕಾಳು ನೆನೆಹಾಕುವವರು, ಸೊಪ್ಪು ಬಿಡಿಸುವವರು, ಒಂದೇ ಹೊತ್ತಿಗೆ ಎರಡು ಬಗೆಯ ಅಡುಗೆ ಮಾಡುವವರು ಯಾರು? ನಿಮ್ಮ ಪತ್ನಿಗೆ ನಿಮ್ಮ ಕಡೆಯ ಅಡುಗೆ ಹುಟ್ಟಿನಿಂದ ಬಂದದ್ದಲ್ಲ. ನಿಮ್ಮ ಪಾಲಿನ ಅಡುಗೆಯಲ್ಲಿ ಮುಖ್ಯ ಭಾಗವನ್ನು ನೀವೇ ವಹಿಸಿಕೊಂಡರೆ ಮನೆಯಲ್ಲಿ ಈ ಬದಲಾವಣೆ ನೆಲೆ ನಿಲ್ಲುತ್ತದೆ, ಇಲ್ಲದಿದ್ದರೆ ಬೇಸರಕ್ಕೆ ಕಾರಣವಾಗುತ್ತದೆ. ಸೌತೆಕಾಯಿ ಹುಳಿ, ಹೆಸರುಕಾಳಿನ ಗಸಿ, ಹರಿವೆ ಸೊಪ್ಪಿನ ಸಾಂಬಾರಿನಂಥ ಕರಾವಳಿಯ ಸಸ್ಯಾಹಾರದ ಅಡುಗೆಗಳೂ ಬೇಕಾದಷ್ಟಿವೆ. ಅವರಿಗೆ ಬರುವ ಅಡುಗೆಯಲ್ಲಿಯೇ ನಿಮಗೂ ಆಗುವಂಥದ್ದನ್ನು ಆರಿಸಿಕೊಳ್ಳಿ. ಕೊಬ್ಬರಿಯನ್ನು ಮಾತ್ರ ಸ್ವಲ್ಪ ಹಿಡಿತದಲ್ಲಿಡಿ.

ಬೆಣ್ಣಿಹಳ್ಳ

ಮೂವರಿಗೂ ಕೃತಜ್ಞತೆಗಳು. ತಂಗಿ, ನೀವು ಹೇಳಿದ ಮಾತನ್ನು ನಿನ್ನೆ ರಾತ್ರಿ ಪತ್ನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದು ನನಗೆ ಬರುತ್ತದೆ, ಉಸುಳಿ, ಪಲ್ಯ ನಾನೇ ಮಾಡಿಕೊಳ್ಳುವುದೆಂದು ತೀರ್ಮಾನವಾಗಿದೆ. ಮೀನಿನ ಅಡುಗೆ ಇರುವ ದಿನಗಳನ್ನು ಅವರು ಮೊದಲೇ ತಿಳಿಸುವುದೆಂದೂ ಮಾತಾಗಿದೆ. ಹಿರಿಯರೇ, ಮೊಟ್ಟೆಯನ್ನು ಬಿಡುತ್ತೇನೆ. ಹಂತಹಂತವಾಗಿ ಹೋಗುವ ಸಲಹೆ ಒಳ್ಳೆಯದೇ, ಆದರೆ ಬೆಳಿಗ್ಗೆ ಲಿಂಗಕ್ಕೆ ಕೈಮುಗಿದು ರಾತ್ರಿ ಮಾಂಸ ತಿನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಮಾಂಸ, ಮೀನನ್ನು ಪೂರ್ತಿಯಾಗಿಯೇ ಬಿಟ್ಟು, ಕಾಳಿನ ಪ್ರಮಾಣವನ್ನು ಮಾತ್ರ ನಿಧಾನವಾಗಿ ಏರಿಸುತ್ತೇನೆ.

ಇನ್ನೆರಡು ಸಂದೇಹಗಳಿವೆ. ನಮ್ಮ ತಾಯಿಯವರು ಸೋಮವಾರ ಉಪವಾಸ ಹಿಡಿಯಲು ಹೇಳುತ್ತಿದ್ದಾರೆ, ಮಾತ್ರೆ ನುಂಗುವವನು ಉಪವಾಸ ಮಾಡಬಹುದೇ? ಕಚೇರಿಯಿಂದ ಮನೆಗೆ ಬರುವಾಗ ರಾತ್ರಿ ಒಂಬತ್ತು ದಾಟುತ್ತದೆ, ಅಷ್ಟು ಹೊತ್ತಿಗೆ ಊಟ ಮಾಡಿದರೆ ತೊಂದರೆಯೇ?

ಘಟಪ್ರಭೆ

ಎರಡನೆಯ ಪ್ರಶ್ನೆಗೆ ನಮ್ಮ ಮನೆಯ ರೂಢಿಯನ್ನು ಹೇಳುತ್ತೇನೆ. ನಾವು ಬೆಳಗಾವಿ ಜಿಲ್ಲೆಯ ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕೆಂಬುದು ನಮ್ಮ ನೇಮ. ದೀಪದ ಬೆಳಕಿಗೆ ಬರುವ ಹುಳುಗಳ ಹಿಂಸೆಯಾಗಬಾರದೆಂಬುದು ಅದರ ಮೂಲ ಉದ್ದೇಶ, ಆರೋಗ್ಯ ಅಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮನೆಯವರೆಲ್ಲ ಇದನ್ನು ಕಟ್ಟುನಿಟ್ಟಾಗಿ ನಡೆಸುತ್ತಾರೆ. ನಾನು ಪಟ್ಟಣದಲ್ಲಿ ನೌಕರಿ ಮಾಡುತ್ತ ಅದನ್ನು ವರ್ಷಪೂರ್ತಿ ಪಾಲಿಸುತ್ತಿರುವುದು ಬುತ್ತಿಯಿಂದ: ಸಂಜೆ ಆರರೊಳಗೆ ಕಚೇರಿಯಲ್ಲಿಯೇ ಡಬ್ಬಿ ಬಿಚ್ಚುತ್ತೇನೆ. ಖಟಕ ರೊಟ್ಟಿ, ಒಣ ಉಸುಳಿ, ಶೇಂಗಾ ಹಿಂಡಿ, ಮೊಸರು ಬೆಳಿಗ್ಗೆ ಕಟ್ಟಿಕೊಂಡರೂ ಸಂಜೆಯವರೆಗೆ ಕೆಡುವುದಿಲ್ಲ. ಮನೆಗೆ ಬಂದ ಮೇಲೆ ಪತ್ನಿ, ಮಗಳ ಜತೆ ಕುಳಿತು ಒಂದು ಲೋಟ ಮಜ್ಜಿಗೆ ಕುಡಿಯಲು ನಿಮಗೇನೂ ಅಡ್ಡಿಯಿಲ್ಲ, ಆಗ ಒಟ್ಟಿಗೆ ಊಟಕ್ಕೆ ಕೂಡುವುದೂ ತಪ್ಪುವುದಿಲ್ಲ.

ನಮ್ಮವರಲ್ಲಿ ಗಡ್ಡೆಗಳನ್ನು ಬಿಡುವುದರಿಂದ ಬಟಾಟಿ ತಾನಾಗಿಯೇ ದೂರವಾಗುತ್ತದೆ. ನಿಮಗೆ ಆ ನೇಮವಿಲ್ಲದಿದ್ದರೂ ಸಕ್ಕರೆಯ ದೃಷ್ಟಿಯಿಂದ ಬಟಾಟಿಯನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು.

ಪಥ್ಯ

ಘಟಪ್ರಭೆಯವರ ಸಂಜೆಯ ಬುತ್ತಿ ನನಗೆ ಬಹಳ ಒಪ್ಪಿಗೆಯಾಯಿತು. ತಡರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದರೆ ಬೆಳಗಿನ ಸಕ್ಕರೆ ಏರುವವರು ಬಹಳ ಜನರಿದ್ದಾರೆ, ಮುಖ್ಯ ಊಟವನ್ನು ಸಂಜೆಗೆ ತಂದು ನೋಡಿ.

ಉಪವಾಸದ ಬಗ್ಗೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಗ್ಲಿಮೆಪಿರೈಡ್ ಬಗೆಯ ಮಾತ್ರೆ ಅಥವಾ ಇನ್ಸುಲಿನ್ ಮುಂದೆಂದಾದರೂ ಸೇರಿದರೆ ಮಾತು ಬೇರೆ; ಆಗ ವೈದ್ಯರಿಂದ ಪ್ರಮಾಣ ಹೊಂದಿಸಿಕೊಳ್ಳದೆ ಉಪವಾಸ ಕೂಡಲೇಬಾರದು, ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ನೇಮವನ್ನು ನೋಡದೆ ಸಕ್ಕರೆ ತಿನ್ನಬೇಕು. ಇನ್ನು ನಮ್ಮ ಕಡೆಯ ಉಪವಾಸದ ತಾಟು ಸ್ವತಃ ಒಂದು ಸಮಸ್ಯೆ: ಸಾಬೂದಾಣಿ ಖಿಚಡಿ, ಬಟಾಟಿ ಪಲ್ಯ, ಬಾಳೆಹಣ್ಣು, ಸಿಹಿ ಚಹಾ. ಸಾಬೂದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ, ನಾರೂ ಇಲ್ಲ, ಪ್ರೋಟೀನೂ ಇಲ್ಲ. ನಿತ್ಯದ ಊಟಕ್ಕಿಂತ ಉಪವಾಸದ ದಿನವೇ ಸಕ್ಕರೆ ಹೆಚ್ಚಾಗುವುದಕ್ಕೆ ಕಾರಣ ಇದೇ. ನೀವು ಸೋಮವಾರ ಒಪ್ಪೊತ್ತು ಹಿಡಿಯುವುದಾದರೆ ಹಗಲು ಮಜ್ಜಿಗೆ, ನೆನೆಸಿದ ಶೇಂಗಾ, ಒಂದು ಪೇರಲಹಣ್ಣು ತೆಗೆದುಕೊಂಡು, ಪೂಜೆಯ ನಂತರ ಎಂದಿನಂತೆ ರೊಟ್ಟಿ, ಕಾಳಿನ ಊಟ ಮಾಡಿ.

ಎಣ್ಣೆ ತುಪ್ಪದ ಮಾತನ್ನು ಮೊದಲು ಬರೆಯಲಿಲ್ಲ. ನಿಮ್ಮ ಎಲ್‌ಡಿಎಲ್ ಇಳಿಯಬೇಕಾದರೆ ತುಪ್ಪ, ಬೆಣ್ಣೆ, ಡಾಲ್ಡಾ, ತಾಳೆಎಣ್ಣೆಯಲ್ಲಿ ಕರಿದ ಬೇಕರಿ ತಿಂಡಿಗಳು ಕಡಿಮೆಯಾಗಲೇಬೇಕು. ರೊಟ್ಟಿಗೆ ಬೆಣ್ಣೆಯ ಬದಲು ಹಿಂಡಿಗೆ ಸ್ವಲ್ಪ ಕುಸುಬಿ ಎಣ್ಣೆ ಅಥವಾ ಶೇಂಗಾ ಎಣ್ಣೆ ಕಲಸಿಕೊಳ್ಳಿ. ದಿನಕ್ಕೆ 27 ಗ್ರಾಂ ಎಂದರೆ ಒಗ್ಗರಣೆಯೂ ಸೇರಿ ಐದಾರು ಸಣ್ಣ ಚಮಚ. ಕಾಳು, ಸೊಪ್ಪು, ಅಗಸಿಯಲ್ಲಿರುವ ಕರಗುವ ನಾರು ಎಲ್‌ಡಿಎಲ್ ಇಳಿಸಲು ನೆರವಾಗುತ್ತದೆ. ಹೀಗಿದ್ದೂ ಇಳಿಯದಿದ್ದರೆ ವೈದ್ಯರು ಕೊಲೆಸ್ಟರಾಲ್ ಮಾತ್ರೆ ಕೊಡಬಹುದು. ಅದನ್ನು ನಿಮ್ಮ ನೇಮದ ಸೋಲೆಂದು ತಿಳಿಯಬೇಡಿ.

ಆಚರಣೆಯ ಬಗ್ಗೆ ಹಿರಿಯರ ಮಾತು ಓದಿದ ಮೇಲೆ ಮಾತ್ರೆಗಳ ಹೊದಿಕೆಯ ಬಗ್ಗೆಯೂ ಹೇಳಬೇಕೆನ್ನಿಸಿತು. ಮೆತ್ತನೆಯ ಕ್ಯಾಪ್ಸೂಲುಗಳ ಹೊದಿಕೆ ಬಹಳಷ್ಟು ಸಲ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಜೆಲಟಿನ್ ಆಗಿರುತ್ತದೆ. ಆಹಾರ ಪೂರಕಗಳ ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿಕೊಳ್ಳಿ, ಕಂದು ತ್ರಿಕೋನ ಇದ್ದರೆ ಅದು ಸಸ್ಯಮೂಲದ್ದಲ್ಲ. ವೈದ್ಯರ ಚೀಟಿಯ ಔಷಧಿಗಾದರೆ ಗುಳಿಗೆಯ ರೂಪದಲ್ಲಿ ಅದೇ ಔಷಧಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ ನೀವೇ ನಿಲ್ಲಿಸಬೇಡಿ, ಮೊದಲು ಅವರೊಡನೆ ಮಾತನಾಡಿ.

ಬಿ12, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಈ ವಾರವೇ ನೋಡಿಸಿ. ಕ್ರಿಯಾಟಿನಿನ್ ಏರಿದ್ದರೆ, ಅಂದರೆ ಮೂತ್ರಪಿಂಡದ ಕೆಲಸ ಕುಗ್ಗಿದ್ದರೆ, ನಾನು ಬರೆದ ಕಾಳಿನ ಪ್ರಮಾಣ ನಿಮಗೆ ಹೊಂದುವುದಿಲ್ಲ, ಅದನ್ನು ಬೇರೆಯಾಗಿ ಲೆಕ್ಕ ಹಾಕಬೇಕಾಗುತ್ತದೆ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಅದನ್ನು ಮೂರು ತಿಂಗಳಿಗೆ ಮೊದಲು ನೋಡಿಸಿ ಪ್ರಯೋಜನವಿಲ್ಲ; ಎಲ್‌ಡಿಎಲ್ ಅನ್ನೂ ಆಗಲೇ ನೋಡಿಸಿ. ವರದಿಗಳು ಬಂದ ಮೇಲೆ ಇಲ್ಲಿ ಬರೆಯಿರಿ ಅಣ್ಣಾವರೇ, ಧಾನ್ಯ ಮತ್ತು ಕಾಳಿನ ಪ್ರಮಾಣವನ್ನು ಆಗ ಮತ್ತೊಮ್ಮೆ ಕೂಡಿ ನೋಡೋಣ.